ಗುರ್ ಅಂದಾಗ ಗದರಬೇಡಿ

ಬೆಂಗಳೂರಿನ ಬೇಗೂರು ಕಡೆಯ ಯಾವುದೇ ಅಪಾರ್ಟ್‌ಮೆಂಟಿನ ಲಿಫ್ಟ್ ಬಾಗಿಲಲ್ಲಿ ದಿನಕ್ಕೊಮ್ಮೆಯಾದರೂ ಕೇಳಿಬರುವ ಮಾತಿದು: "ಏನೂ ಮಾಡಲ್ಲ, ಬನ್ನಿ ಆಂಟಿ." ಹೇಳುವವರು ನಾಯಿಯ ಬೆಲ್ಟ್ ಹಿಡಿದು ಒಳಗಿರುತ್ತಾರೆ. ಹೊರಗೆ ತರಕಾರಿ ಚೀಲ ಹಿಡಿದ ಆಂಟಿ ಹೋಗಲೋ ಬೇಡವೋ ಎಂದು ನಿಂತಿರುತ್ತಾರೆ. ಮಾಲೀಕರು ಆಂಟಿಯ ಮುಖ ನೋಡುತ್ತಾರೆ, ಆಂಟಿ ಮಾಲೀಕರ ಮುಖ ನೋಡುತ್ತಾರೆ. ನಾಯಿಯ ಮುಖವನ್ನು ಇಬ್ಬರೂ ನೋಡುವುದಿಲ್ಲ.

ಬಾಗಿಲು ತೆರೆಯುವ ಮುಂಚೆ ನಾಯಿ ಬಾಯಿ ಬಿಟ್ಟುಕೊಂಡು, ನಾಲಿಗೆ ಇಳಿಬಿಟ್ಟು ಆರಾಮವಾಗಿರುತ್ತದೆ. ತೆರೆದೊಡನೆ ಬಾಯಿ ಮುಚ್ಚುತ್ತದೆ. ಮುಖ ಪಕ್ಕಕ್ಕೆ ತಿರುಗುತ್ತದೆ, ಕಣ್ಣು ಮಾತ್ರ ಚೀಲ ಹಿಡಿದ ಕೈಯ ಮೇಲೇ ಇರುತ್ತದೆ. ಕಣ್ಣಿನ ಬಿಳಿ ಒಂದು ಅಂಚಿನಲ್ಲಿ ಎದ್ದು ಕಾಣುತ್ತದೆ. ನಾಲಿಗೆ ಒಮ್ಮೆ ಮೂಗು ಸವರಿ ಒಳಗೆ ಹೋಗುತ್ತದೆ, ಎದುರಿಗೆ ತಿನ್ನುವುದೇನೂ ಇಲ್ಲದಿದ್ದರೂ. ಕಿವಿಗಳು ಹಿಂದಕ್ಕೆ ಅಂಟಿಕೊಳ್ಳುತ್ತವೆ. ಮೈಭಾರ ಹಿಂಗಾಲಿಗೆ ಸರಿದು, ಬೆನ್ನು ಲಿಫ್ಟಿನ ಗೋಡೆಗೆ ತಾಗುತ್ತದೆ. ಇನ್ನು ಹಿಂದೆ ಸರಿಯಲು ಜಾಗವಿಲ್ಲ. ಬಾಲ ಆಡುತ್ತಲೇ ಇರಬಹುದು, ಆದರೆ ಸೊಂಟದ ಸಮೇತ ಅಗಲವಾಗಿ ಆಡುವ ಬಾಲವಲ್ಲ ಅದು. ಮೇಲೆತ್ತಿ ಬಿಗಿಹಿಡಿದು ತುದಿ ಮಾತ್ರ ಸಣ್ಣಗೆ ಅದುರುವ ಬಾಲ. ಒಂದು ಗಳಿಗೆ ಮೈಯೆಲ್ಲ ಮರಗಟ್ಟುತ್ತದೆ. ಇಷ್ಟೆಲ್ಲ ಆದ ಮೇಲೆ ಗಂಟಲಿನಿಂದ 'ಗುರ್' ಎಂಬ ಸದ್ದು ಬರುತ್ತದೆ. ಆಗ ಮಾಲೀಕರು ಬೆಲ್ಟ್ ಜಗ್ಗಿ, "ಏಯ್, ಸುಮ್ನಿರು!" ಎಂದು ತಲೆಗೊಂದು ಬಿಡುತ್ತಾರೆ.

ಆ ಏಟೇ ಮುಂದಿನ ಅನಾಹುತಕ್ಕೆ ದಾರಿ. ಗುರ್ ಅನ್ನುವುದು ನಾಯಿ ಮಾಡುವ ತಪ್ಪಲ್ಲ, ಅದು ಕೊಡುವ ಎಚ್ಚರಿಕೆ. 'ನನಗೆ ಭಯವಾಗುತ್ತಿದೆ, ದೂರ ಹೋಗಿ' ಎಂದು ಕಚ್ಚದೆಯೇ ಹೇಳಲು ಅದಕ್ಕಿರುವ ಕೊನೆಯ ಮರ್ಯಾದಸ್ಥ ದಾರಿ. ಗುರ್ ಅಂದಾಗಲೆಲ್ಲ ಏಟು ಬಿದ್ದರೆ ನಾಯಿ ಕಲಿಯುವುದು ಒಂದೇ: ಗುರ್ ಅನ್ನಬಾರದು. ಭಯ ಹಾಗೇ ಉಳಿಯುತ್ತದೆ, ಎಚ್ಚರಿಕೆ ಮಾತ್ರ ಮಾಯವಾಗುತ್ತದೆ. ಮುಂದೊಂದು ದಿನ ಅದು ನೇರವಾಗಿ ಬಾಯಿ ಹಾಕುತ್ತದೆ. "ಏನೂ ಮಾಡ್ತಿರಲಿಲ್ಲ ಸಾರ್, ಇದ್ದಕ್ಕಿದ್ದಂತೆ ಕಚ್ಚಿಬಿಡ್ತು" ಎಂದು ಪಶುವೈದ್ಯರ ಮುಂದೆ ಹೇಳಿಕೊಳ್ಳುವವರಲ್ಲಿ ಬಹಳ ಮಂದಿ, ತಮಗೆ ಗೊತ್ತಿಲ್ಲದೆಯೇ, ಆ ಎಚ್ಚರಿಕೆಯನ್ನು ತಾವೇ ಅಳಿಸಿದವರು. ಬೊಗಳುವ ನಾಯಿ ಕಚ್ಚುವುದಿಲ್ಲ ಎಂಬ ಗಾದೆಯನ್ನೂ ನಂಬಿ ಕೂರಬೇಡಿ. ಬೊಗಳುವ ನಾಯಿಯೂ ಕಚ್ಚುತ್ತದೆ. ಸದ್ದಿಲ್ಲದೆ ಕಚ್ಚಲು ಕಲಿತದ್ದು ಅದಕ್ಕಿಂತ ಅಪಾಯ.

ಬ್ರಿಟನ್ನಿನ ಪಶುವೈದ್ಯೆ ಕೆಂಡಲ್ ಶೆಪರ್ಡ್ ಈ ಸೂಚನೆಗಳನ್ನೆಲ್ಲ ಒಂದು ಏಣಿಯ ಚಿತ್ರದಲ್ಲಿ ಜೋಡಿಸಿದ್ದಾರೆ. ಕೆಳಗಿನ ಮೆಟ್ಟಿಲಲ್ಲಿ ಆಕಳಿಕೆ, ಕಣ್ಣು ಮಿಟುಕಿಸುವುದು, ಮೂಗು ನೆಕ್ಕುವುದು. ಮೇಲೇರಿದಂತೆ ಮುಖ ತಿರುಗಿಸುವುದು, ಮೈ ತಿರುಗಿಸುವುದು, ಮುಂಗಾಲೆತ್ತುವುದು, ದೂರ ಸರಿಯುವುದು, ಬಾಲ ಮುದುಡಿ ಕುಗ್ಗುವುದು, ಸೆಟೆದು ನಿಲ್ಲುವುದು. ಅದರ ಮೇಲೆ ಗುರುಗುಟ್ಟುವುದು, ಗಾಳಿಗೆ ಬಾಯಿ ಹಾಕುವುದು. ತುದಿಯಲ್ಲಿ ಕಚ್ಚುವುದು. ಕೆಳಗಿನ ಮೆಟ್ಟಿಲಲ್ಲೇ ನಾವು ಗಮನಿಸಿ ನಾಯಿಗೆ ಜಾಗ ಮಾಡಿಕೊಟ್ಟರೆ ಅದು ಮೇಲೆ ಹತ್ತಬೇಕಾಗಿಯೇ ಇಲ್ಲ. ಲಿಫ್ಟ್ ಮುಂದೆ ಹೇಳಬೇಕಾದ ಮಾತು ಆದ್ದರಿಂದ ಇಷ್ಟೇ: "ಆಂಟಿ, ನೀವು ಹೋಗಿ, ನಾವು ಮುಂದಿನದಕ್ಕೆ ಬರ್ತೀವಿ." ಲಿಫ್ಟಿಗೆ ಕಾಯುವಾಗಲೂ ಬಾಗಿಲಿಗೆ ಎದುರಾಗಿ ನಿಲ್ಲಬೇಡಿ. ನಾಲ್ಕು ಹೆಜ್ಜೆ ಪಕ್ಕಕ್ಕೆ, ನಾಯಿ ಗೋಡೆಯ ಕಡೆ, ನೀವು ಮಧ್ಯೆ.

ಮೊದಲು ಡಾಕ್ಟರ್, ಆಮೇಲೆ ಟ್ರೈನರ್

ಸಾಧುವಾಗಿದ್ದ ನಾಯಿ ದಿಢೀರನೆ ಸಿಡುಕತೊಡಗಿದರೆ ಹೆಚ್ಚಿನವರು ಟ್ರೈನರ್ ನಂಬರ್ ಹುಡುಕುತ್ತಾರೆ. ಹುಡುಕಬೇಕಾದದ್ದು ಪಶುವೈದ್ಯರ ನಂಬರ್. ವರ್ತನೆಯ ತೊಂದರೆಯೆಂದು ತಜ್ಞರ ಬಳಿಗೆ ಬಂದ ನಾಯಿ–ಬೆಕ್ಕುಗಳನ್ನು ಪರಿಶೀಲಿಸಿ 2020ರಲ್ಲಿ ಡೇನಿಯಲ್ ಮಿಲ್ಸ್ ಮತ್ತು ಸಂಗಡಿಗರು ಬರೆದ ಪ್ರಬಂಧದ ಪ್ರಕಾರ, ಕಡಿಮೆ ಎಂದರೂ ಮೂರನೇ ಒಂದು ಭಾಗ ಪ್ರಕರಣಗಳಲ್ಲಿ ಯಾವುದೋ ನೋವು ಅಡಗಿರುತ್ತದೆ. ಕೆಲವು ಕಡೆ ಅದು ನೂರಕ್ಕೆ ಎಂಬತ್ತರ ಹತ್ತಿರ ಹೋಗಿದೆ. ನೋಯುವ ಭುಜ ಮುಟ್ಟಿದರೆ ಮನುಷ್ಯರೂ ಗದರುತ್ತಾರೆ.

ನಮ್ಮ ಕಡೆ ಕಾಣುವ ನೋವುಗಳು ಯಾವುವು? ಲ್ಯಾಬ್ರಡಾರ್, ಕಾಕರ್ ಸ್ಪೇನಿಯಲ್‌ಗಳಂಥ ಜೋಲುಕಿವಿಯ ನಾಯಿಗಳಿಗೆ ಕಿವಿ ಸೋಂಕು. ತಲೆ ಸವರಲು ಹೋದಾಗ ಮಾತ್ರ ಗುರ್ ಅಂದರೆ ಮೊದಲು ಕಿವಿ ಮಡಚಿ ವಾಸನೆ ನೋಡಿ. ಲ್ಯಾಬ್, ಜರ್ಮನ್ ಶೆಫರ್ಡ್, ರಾಟ್‌ವೀಲರ್‌ಗಳಿಗೆ ಸೊಂಟದ ಕೀಲಿನ ತೊಂದರೆ. ಮೆಟ್ಟಿಲ ಬಳಿ ಅನುಮಾನಿಸುತ್ತದೆ, ಎತ್ತಿ ಕಾರಿಗೆ ಹತ್ತಿಸುವಾಗ ಬಾಯಿ ಹಾಕುತ್ತದೆ. ಟೈಲ್ಸ್ ನೆಲ ಅದರ ಪಾಲಿಗೆ ದಿನವಿಡೀ ಜಾರುಬಂಡೆ. ನಡೆದಾಡುವ ಜಾಗದಲ್ಲಿ ಹಳೇ ಜಮಖಾನ ಹಾಸಿದರೂ ಎಷ್ಟೋ ಹಿತ. ಇನ್ನು ಬೇಗೂರು, ಅಕ್ಷಯನಗರ, ಹುಳಿಮಾವಿನ ಕಡೆ ಹುಲ್ಲು ಬೆಳೆದ ಖಾಲಿ ಸೈಟುಗಳಲ್ಲಿ ಸುತ್ತಾಡಿ ಬರುವ ನಾಯಿಗೆ ಉಣ್ಣೆ ಹತ್ತುವುದು ಮಾಮೂಲು. ಉಣ್ಣೆಜ್ವರ ಬಂದ ನಾಯಿ ಮಂಕಾಗಿ, ಮುಟ್ಟಿದರೆ ಸಿಡುಕುತ್ತದೆ. ಹುಳುಕು ಹಲ್ಲು, ಥೈರಾಯ್ಡ್ ಏರುಪೇರು, ವಯಸ್ಸಾದ ನಾಯಿಗೆ ಮಂದವಾದ ಕಣ್ಣು–ಕಿವಿ ಕೂಡ ಕಾರಣವಾಗಬಹುದು. ಮಲಗಿದ್ದಾಗ ಮುಟ್ಟಿದರೆ ಬೆಚ್ಚಿ ಕಚ್ಚುವ ಮುದಿನಾಯಿಗೆ ಬೇಕಿರುವುದು ಶಿಸ್ತಲ್ಲ. ದೂರದಿಂದಲೇ ಹೆಸರು ಕರೆದು, ನೆಲ ತಟ್ಟಿ, ಎಬ್ಬಿಸಿ ಹತ್ತಿರ ಹೋದರೆ ಸಾಕು.

ಡಾಕ್ಟರ ಬಳಿ ಹೋಗುವ ಮುಂಚೆ ಫೋನಿನಲ್ಲಿ ವಿಡಿಯೊ ಮಾಡಿಕೊಳ್ಳಿ: ನಡೆಯುವುದು, ಕೂತು ಏಳುವುದು, ಮೆಟ್ಟಿಲು ಹತ್ತುವುದು. ಕ್ಲಿನಿಕ್ಕಿನ ಟೇಬಲ್ ಮೇಲೆ ನಾಯಿ ಹೆದರಿ ನೋವು ಮುಚ್ಚಿಡುತ್ತದೆ, ವಿಡಿಯೊದಲ್ಲಿ ಮುಚ್ಚಿಡಲಾಗದು. ಬಡಾವಣೆಯ ಕ್ಲಿನಿಕ್ಕಿನಲ್ಲಿ ಕಾರಣ ಸಿಗದಿದ್ದರೆ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆಯಲ್ಲಿ ತೋರಿಸಬಹುದು. ನಗರದ ಈ ತುದಿಯಿಂದ ಆ ತುದಿಗೆ ಪ್ರಯಾಣ, ಆದರೂ ಹೋಗುವುದು ಒಳ್ಳೆಯದು. ಸಂತಾನಹರಣ ಮಾಡಿಸಿದರೆ ಸರಿಹೋಗುತ್ತದೆ ಎಂದು ಕೆಲವರು ಹೇಳುತ್ತಾರೆ. ಗಂಡುನಾಯಿಯ ಅಲೆದಾಟ, ಗಂಡುಗಳ ನಡುವಿನ ಜಗಳ ಕಡಿಮೆಯಾಗಬಹುದು. ಭಯದಿಂದ ಹುಟ್ಟಿದ ಆಕ್ರಮಣ ಅದರಿಂದ ಹೋಗುವುದಿಲ್ಲ.

ಮರಿಯಾಗಿದ್ದಾಗ ಕಳೆದುಹೋಗುವ ವಾರಗಳು

ನೋವಿಲ್ಲದಿದ್ದರೆ ಉಳಿದ ದೊಡ್ಡ ಕಾರಣ ಭಯ. ಭಯದ ಬೇರು ಹೆಚ್ಚಾಗಿ ಇರುವುದು ಮರಿತನದಲ್ಲಿ. ಜಾನ್ ಪಾಲ್ ಸ್ಕಾಟ್ ಮತ್ತು ಜಾನ್ ಫುಲ್ಲರ್ ಅಮೆರಿಕದ ಬಾರ್ ಹಾರ್ಬರ್‌ನಲ್ಲಿ ವರ್ಷಗಟ್ಟಲೆ ನಾಯಿಮರಿಗಳನ್ನು ಗಮನಿಸಿ 1965ರಲ್ಲಿ ಪ್ರಕಟಿಸಿದ ಪುಸ್ತಕ ಈಗಲೂ ಈ ವಿಷಯಕ್ಕೆ ಬುನಾದಿ. ಸುಮಾರು ಮೂರನೇ ವಾರದಿಂದ ಹನ್ನೆರಡು–ಹದಿನಾಲ್ಕನೇ ವಾರದವರೆಗೆ ಮರಿಯ ಮನಸ್ಸು ತೆರೆದಿರುತ್ತದೆ. ಆಗ ಕಂಡ ಮನುಷ್ಯರು, ಸದ್ದು, ವಾಹನ ಎಲ್ಲ 'ನಮ್ಮವು' ಎಂದು ಒಳಗಾಗುತ್ತವೆ. ಆಮೇಲೆ ಮೊದಲ ಸಲ ಕಂಡದ್ದರ ಬಗ್ಗೆ ಅನುಮಾನ ಮೊದಲು.

ಇಲ್ಲೇ ಬೆಂಗಳೂರಿನ ಮನೆಗಳಿಗೆ ಒಂದು ಇಕ್ಕಟ್ಟು. ಲಸಿಕೆಯ ಸುತ್ತು ಮುಗಿಯುವುದು ಸುಮಾರು ಹದಿನಾರು ವಾರಕ್ಕೆ. ಪಾರ್ವೊ ಭಯಕ್ಕೆ ಅಲ್ಲಿಯವರೆಗೆ ಮರಿಯನ್ನು ಮನೆಯೊಳಗೇ ಇಡುತ್ತಾರೆ. ಪಾರ್ವೊ ನಿಜಕ್ಕೂ ಮರಿಗಳನ್ನು ಕೊಲ್ಲುವ ಕಾಯಿಲೆ, ಆ ಎಚ್ಚರ ತಪ್ಪಲ್ಲ. ಆದರೆ ಮರಿಯನ್ನು ನೆಲಕ್ಕೆ ಬಿಡದೆಯೂ ಲೋಕ ತೋರಿಸಬಹುದು. ಎತ್ತಿಕೊಂಡು ಬೇಗೂರು ಮುಖ್ಯರಸ್ತೆಯ ಬದಿ ಹತ್ತು ನಿಮಿಷ ನಿಲ್ಲಿ. ಬಸ್ಸು, ನೀರಿನ ಟ್ಯಾಂಕರ್, ಆಟೊ, ಹೆಲ್ಮೆಟ್ ಹಾಕಿದ ಡೆಲಿವರಿ ಹುಡುಗರು, ಕೊಡೆ ಹಿಡಿದವರು, ಕೋಲೂರಿದ ಅಜ್ಜ, ಬುರ್ಖಾ ತೊಟ್ಟ ಹೆಂಗಸರು, ಗಾಲಿಕುರ್ಚಿ, ಶಾಲೆ ಬಿಟ್ಟು ಓಡಿಬರುವ ಮಕ್ಕಳು. ಒಂದೊಂದು ಕಂಡಾಗಲೂ ಬಾಯಿಗೊಂದು ಚೂರು ಬೇಯಿಸಿದ ಕೋಳಿ. ಮರಿ ಮುಖ ಹುದುಗಿಸಿದರೆ ಅಂದಿಗೆ ಸಾಕು, ಮನೆಗೆ ಬನ್ನಿ. 2017ರ ನಾಯಿ ತಳಿ ಸಂವರ್ಧನೆ ಮತ್ತು ಮಾರಾಟ ನಿಯಮಗಳ ಪ್ರಕಾರ ಎಂಟು ವಾರ ತುಂಬದ ಮರಿಯನ್ನು ಮಾರುವಂತಿಲ್ಲ. ತಾಯಿ, ಒಡಹುಟ್ಟುಗಳ ಜೊತೆ ಆಡುತ್ತಲೇ ಮರಿ ಬಾಯಿಯ ಜೋರು ಎಷ್ಟಿರಬೇಕೆಂದು ಕಲಿಯುವುದು. ತಿಂಗಳ ಮರಿಯನ್ನು "ಈಗಲೇ ತಗೊಂಡ್ರೆ ಚೆನ್ನಾಗಿ ಹೊಂದಿಕೊಳ್ಳುತ್ತೆ" ಎಂದು ಯಾರಾದರೂ ಕೈಗಿಟ್ಟರೆ ತಗೊಳ್ಳಬೇಡಿ.

ತಳಿಯನ್ನು ದೂರುವ ಮುನ್ನ

ಕೇಂದ್ರ ಸರ್ಕಾರ 2024ರ ಮಾರ್ಚ್ 12ರಂದು ಪಿಟ್‌ಬುಲ್, ರಾಟ್‌ವೀಲರ್ ಸೇರಿ 23 ತಳಿಗಳ ಆಮದು, ಮಾರಾಟ, ಸಂವರ್ಧನೆ ನಿಲ್ಲಿಸಬೇಕೆಂದು ರಾಜ್ಯಗಳಿಗೆ ಸುತ್ತೋಲೆ ಕಳಿಸಿತು. ಬೆಂಗಳೂರಿನಿಂದಲೇ ಅದನ್ನು ಪ್ರಶ್ನಿಸಿ ಅರ್ಜಿ ಹೋಯಿತು. ಸಂಬಂಧಪಟ್ಟವರನ್ನು ಕೇಳದೆ ಹೊರಡಿಸಿದ್ದೆಂದು ಕರ್ನಾಟಕ ಹೈಕೋರ್ಟ್ ಏಪ್ರಿಲ್ 10ರಂದು ಸುತ್ತೋಲೆಯನ್ನು ರದ್ದುಮಾಡಿತು. ಕಾನೂನುಬದ್ಧವಾಗಿ ಹೊಸದಾಗಿ ಮಾಡಲು ಅಡ್ಡಿಯಿಲ್ಲ ಎಂದೂ ಹೇಳಿತು. ಅದಾಗಿ ತಿಂಗಳು ಕಳೆಯುವಷ್ಟರಲ್ಲಿ ಚೆನ್ನೈನ ನುಂಗಂಬಾಕ್ಕಂ ಉದ್ಯಾನದಲ್ಲಿ ಎರಡು ರಾಟ್‌ವೀಲರ್‌ಗಳು ಐದು ವರ್ಷದ ಹುಡುಗಿಯ ಮೇಲೆ ಬಿದ್ದವು. 2022ರ ಜುಲೈನಲ್ಲಿ ಲಖನೌದಲ್ಲಿ ಸಾಕಿದ ಪಿಟ್‌ಬುಲ್ ಮನೆಯ ವೃದ್ಧೆಯನ್ನೇ ಕೊಂದಿತ್ತು. ಇವನ್ನೆಲ್ಲ ಓದಿದ ನೆರೆಯವರು ಹೆದರುತ್ತಾರೆ. ಆ ಹೆದರಿಕೆಯನ್ನು ಹಗುರವಾಗಿ ಕಾಣುವ ಮಾಲೀಕರನ್ನು ನಾನು ಒಪ್ಪುವುದಿಲ್ಲ.

ತಳಿ ಎಷ್ಟರಮಟ್ಟಿಗೆ ಕಾರಣ? 2022ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಬಂದ, ಹದಿನೆಂಟು ಸಾವಿರಕ್ಕೂ ಹೆಚ್ಚು ನಾಯಿಗಳ ಮಾಲೀಕರು ಪಾಲ್ಗೊಂಡ ಅಧ್ಯಯನವೊಂದು ನಾಯಿ–ನಾಯಿಗಳ ನಡುವಿನ ವರ್ತನೆಯ ವ್ಯತ್ಯಾಸದಲ್ಲಿ ತಳಿಯ ಪಾಲು ಸುಮಾರು ನೂರಕ್ಕೆ ಒಂಬತ್ತು ಮಾತ್ರ ಎಂದಿತು. ಆದರೆ ಇನ್ನೊಂದು ಮಾತನ್ನೂ ಪ್ರಾಮಾಣಿಕವಾಗಿ ಹೇಳಬೇಕು. ಪೊಮೆರೇನಿಯನ್ ಕಚ್ಚಿದರೆ ನಾಲ್ಕು ತೂತು; ನಲವತ್ತೈದು ಕಿಲೋದ ರಾಟ್‌ವೀಲರ್ ಅದೇ ಭಯಕ್ಕೆ ಕಚ್ಚಿದರೆ ಜೀವಕ್ಕೇ ಸಂಚಕಾರ. ಸಿಟ್ಟು ತಳಿಯದ್ದಲ್ಲದಿರಬಹುದು, ಪೆಟ್ಟು ತಳಿಯದ್ದೇ. ದೊಡ್ಡ ನಾಯಿ ತಂದವರ ಹೊಣೆಯೂ ದೊಡ್ಡದು.

ಇಂದು ನಾವು ಹೆದರುವ ನಾಯಿಯ ಛಲವನ್ನೇ ಒಂದು ಕಾಲಕ್ಕೆ ಈ ನಾಡು ಕಲ್ಲಿನಲ್ಲಿ ಕೊರೆದು ಪೂಜಿಸಿದೆ. ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ ಸುಮಾರು ಕ್ರಿ.ಶ. 950ರಲ್ಲಿ ನೆಟ್ಟ ಕಲ್ಲು, ಕಾಡುಹಂದಿಯೊಡನೆ ಕಾದಾಡಿ ಅದನ್ನೂ ಕೊಂದು ತಾನೂ ಸತ್ತ 'ಕಾಳಿ' ಎಂಬ ಬೇಟೆನಾಯಿಯ ನೆನಪಿಗೆ ನೆಟ್ಟದ್ದು. ಗಂಗರ ದೊರೆ ಬೂತುಗನಿಂದ ಅವನ ಅನುಚರ ಮಣಲೇರ ಬೇಡಿ ಪಡೆದ ನಾಯಿ ಅದು. ಆ ಕಲ್ಲು ಈಗ ಬೆಂಗಳೂರಿನ ಕಸ್ತೂರ್ಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಹಂದಿಯನ್ನು ಬೆನ್ನಟ್ಟುವ, ಮಂದೆ ಕಾಯುವ, ಹಿಮದಲ್ಲಿ ಬಂಡಿ ಎಳೆಯುವ ಆ ಕಸುವನ್ನು ತಲೆಮಾರುಗಟ್ಟಲೆ ಮನುಷ್ಯರೇ ಆರಿಸಿ ಬೆಳೆಸಿದ್ದು. ಈಗ ಆ ಕಸುವು ಎರಡು ಬೆಡ್‌ರೂಮಿನ ಮನೆಯಲ್ಲಿ, ಬೆಳಗಿನಿಂದ ಸಂಜೆಯವರೆಗೆ ಬಾಲ್ಕನಿಯ ಗ್ರಿಲ್ ಹಿಂದೆ ನಿಂತು ರಸ್ತೆ ನೋಡುತ್ತದೆ. ಗ್ರಿಲ್ ಆಚೆ ಹೋಗುವ ಪ್ರತಿಯೊಬ್ಬರಿಗೂ ಬೊಗಳುತ್ತದೆ, ಅವರು ಹೇಗೂ ದಾಟಿ ಹೋಗುತ್ತಾರೆ. 'ನಾನು ಬೊಗಳಿದ್ದಕ್ಕೇ ಹೋದರು' ಎಂಬ ಪಾಠ ದಿನಕ್ಕೆ ನೂರು ಸಲ ಗಟ್ಟಿಯಾಗುತ್ತದೆ. ಗ್ರಿಲ್ಲಿನ ಕೆಳಭಾಗಕ್ಕೆ ಬಿದಿರಿನ ತಟ್ಟಿಯನ್ನೋ ಹಸಿರು ನೆಟ್ಟನ್ನೋ ಕಟ್ಟಿ ನೋಟ ಮರೆಮಾಡಿದರೆ ಒಂದು ವಾರದಲ್ಲೇ ಅರ್ಧ ಗಲಾಟೆ ಇಳಿಯುವ ಮನೆಗಳಿವೆ.

ಬೇಗೂರಿನ ಹಳೇ ಮನೆಗಳಲ್ಲಿ, ಪಂಚಲಿಂಗ ನಾಗೇಶ್ವರ ದೇವಸ್ಥಾನದ ಸುತ್ತಿನ ಬೀದಿಗಳಲ್ಲಿ, ಊರು ಹಳ್ಳಿಯಾಗಿದ್ದಾಗ ನಾಟಿ ನಾಯಿಗಳು ಮುದ್ದೆ ತಿಂದುಕೊಂಡು ಊರೆಲ್ಲ ಅಡ್ಡಾಡುತ್ತಿದ್ದವು. ಈಗ ಅದೇ ನಾಯಿ ಮೂರಡಿ ಚೈನಿನಲ್ಲಿ ಮೆಟ್ಟಿಲ ಕೆಳಗೋ ಮಹಡಿಯ ನೀರಿನ ಟ್ಯಾಂಕಿನ ನೆರಳಲ್ಲೋ ಇರುತ್ತದೆ. "ಕಟ್ಟಿಹಾಕಿದ್ರೆ ಕಾವಲಿಗೆ ಖಡಕ್ ಆಗುತ್ತೆ" ಎಂಬ ನಂಬಿಕೆ. ಓಡಿಹೋಗಲಾಗದ ಪ್ರಾಣಿಗೆ ಉಳಿಯುವುದು ಮೇಲೆ ಬೀಳುವ ದಾರಿಯೊಂದೇ. ಚೈನು ತುಂಡಾದ ದಿನ ಅದು ಕಳ್ಳನನ್ನೇ ಆರಿಸಿ ಕಚ್ಚುವುದಿಲ್ಲ, ಹಾಲು ಹಾಕಲು ಬಂದ ಹುಡುಗನನ್ನೂ ಕಚ್ಚುತ್ತದೆ. ಸದಾ ಕಟ್ಟಿಟ್ಟ ನಾಯಿಗೆ ಓಡಾಟ ಕೊಡದಿರುವುದು 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯ 11ನೇ ಸೆಕ್ಷನ್ನಿನಡಿ ಅಪರಾಧ ಕೂಡ.

'ಯಜಮಾನಿಕೆ' ಎಂಬ ಸುಳ್ಳು

"ನಾಯಿಗೆ ಪೊಗರು. ನೀವೇ ಯಜಮಾನರು ಅಂತ ತೋರಿಸಬೇಕು" ಎಂದು ಹೇಳಿ ನಾಯಿಯನ್ನು ಬೆನ್ನಡಿ ಮಾಡಿ ಕತ್ತು ಒತ್ತಿ ಹಿಡಿಯುವ ಟ್ರೈನರ್‌ಗಳು ಇನ್ನೂ ಇದ್ದಾರೆ. ಈ ಪದ್ಧತಿಯ ಹಿಂದೆ ಇರುವುದು 1947ರಲ್ಲಿ ರುಡಾಲ್ಫ್ ಶೆಂಕೆಲ್ ಕೂಡಿಹಾಕಿದ ತೋಳಗಳನ್ನು ನೋಡಿ ಬರೆದ ಮಾತು. 'ಆಲ್ಫಾ' ತೋಳದ ಕಲ್ಪನೆಯನ್ನು 1970ರ ಪುಸ್ತಕದಲ್ಲಿ ಜನಪ್ರಿಯಗೊಳಿಸಿದ ಡೇವಿಡ್ ಮೀಚ್ ಅವರೇ 1999ರಲ್ಲಿ ಅದನ್ನು ತಿದ್ದಿದರು: ಕಾಡಿನ ತೋಳದ ಗುಂಪು ಎಂದರೆ ತಂದೆ, ತಾಯಿ, ಮಕ್ಕಳ ಸಂಸಾರ, ಅಲ್ಲಿ ಗಾದಿಗೆ ಹೊಡೆದಾಟವಿಲ್ಲ. ನಾಯಿಯಂತೂ ತೋಳವೇ ಅಲ್ಲ.

ಹೊಡೆದರೆ ಏನಾಗುತ್ತದೆ ಎಂಬುದಕ್ಕೂ ಲೆಕ್ಕವಿದೆ. ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಪಶುವೈದ್ಯರು 2009ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ವರ್ತನೆಯ ತೊಂದರೆಗೆಂದು ಕರೆತಂದ ನಾಯಿಗಳ ಮಾಲೀಕರನ್ನು ಏನೇನು ಮಾಡಿ ನೋಡಿದಿರಿ ಎಂದು ಕೇಳಿದರು. ಹೊಡೆತ, ಒದೆ ತಿಂದ ನಾಯಿಗಳಲ್ಲಿ ನೂರಕ್ಕೆ 43 ತಿರುಗಿಬಿದ್ದಿದ್ದವು. ಬಾಯಲ್ಲಿದ್ದುದನ್ನು ಬಲವಂತವಾಗಿ ಕಿತ್ತಾಗ 39, ಬೆನ್ನಡಿ ಮಾಡಿ ಒತ್ತಿ ಹಿಡಿದಾಗ 31, ದುರುಗುಟ್ಟಿ ನೋಡಿದಾಗ 30. ಕತ್ತಿಗೆ ಚುಚ್ಚುವ ಮುಳ್ಳಿನ ಕಾಲರ್, ಶಾಕ್ ಕೊಡುವ ಕಾಲರ್ ಹಾಕೋಣ ಎನ್ನುವ ಟ್ರೈನರನ್ನು ಬಾಗಿಲಿನಿಂದಲೇ ಕಳಿಸಿ. ನಾಯಿಯನ್ನು ಎರಡು ತಿಂಗಳು ತಮ್ಮಲ್ಲೇ ಬಿಟ್ಟುಹೋಗಿ, ತಿದ್ದಿ ವಾಪಸ್ ಕೊಡುತ್ತೇವೆ ಎನ್ನುವವರನ್ನೂ ನಂಬಬೇಡಿ. ಅದು ಬದುಕಬೇಕಾದದ್ದು ನಿಮ್ಮ ಮನೆಯಲ್ಲಿ, ಕಲಿಯಬೇಕಾದವರು ನೀವೂ.

ಹಾಗಾದರೆ ಮಾಡುವುದೇನು?

ದೂರ ಎಂಬುದೇ ಇಲ್ಲಿ ಮದ್ದು. ನಿಮ್ಮ ನಾಯಿ ಬೇರೆ ನಾಯಿ ಕಂಡರೆ ಎಗರುತ್ತದೆ ಎನ್ನಿ. ಮೂವತ್ತು ಅಡಿಯಲ್ಲಿ ಎಗರುತ್ತದೆ, ಅರವತ್ತು ಅಡಿಯಲ್ಲಿ ಕಿವಿ ನಿಮಿರಿಸಿ ಬರೀ ನೋಡುತ್ತದೆ. ನಿಮ್ಮ ಪಾಠಶಾಲೆ ಆ ಅರವತ್ತು ಅಡಿ. ಅಲ್ಲಿ ನಿಂತು, ಅದು ಇನ್ನೊಂದು ನಾಯಿಯನ್ನು ನೋಡಿದ ಕ್ಷಣವೇ ಬಾಯಿಗೆ ಕೋಳಿ ಚೂರು, ಪನೀರ್ ಅಥವಾ ಅದಕ್ಕೆ ಪ್ರಾಣವಾದ ಏನನ್ನಾದರೂ ಕೊಡಿ. ನೋಡಿತು, ಕೊಟ್ಟಿರಿ, ನೋಡಿತು, ಕೊಟ್ಟಿರಿ. ಆ ನಾಯಿ ಮರೆಯಾದೊಡನೆ ತಿಂಡಿಯೂ ಬಂದ್. ಕೆಲ ದಿನಗಳಲ್ಲಿ ಬೇರೆ ನಾಯಿ ಕಂಡಾಗ ನಿಮ್ಮದು ತಾನಾಗಿ ತಿರುಗಿ ನಿಮ್ಮ ಮುಖ ನೋಡತೊಡಗುತ್ತದೆ. ಆಗ ಐದು ಅಡಿ ಹತ್ತಿರ. ಎಗರಿತೋ, ನೀವು ಅವಸರ ಮಾಡಿದ್ದೀರಿ. ಗದರದೆ ಹಿಂದೆ ಸರಿಯಿರಿ. ತಿಂಡಿ ಕೊಟ್ಟರೆ ಬೊಗಳಿದ್ದಕ್ಕೆ ಬಹುಮಾನ ಕೊಟ್ಟಂತಾಗುವುದಿಲ್ಲವೇ ಎಂದು ಎಲ್ಲರೂ ಕೇಳುತ್ತಾರೆ. ಇಲ್ಲ. ನಾವು ಇಲ್ಲಿ ಬದಲಿಸುತ್ತಿರುವುದು ವರ್ತನೆಯ ಕೆಳಗಿರುವ ಭಯವನ್ನು. ಭಯಕ್ಕೆ ಬಹುಮಾನ ಕೊಟ್ಟು ಭಯ ಹೆಚ್ಚಿಸಲಾಗದು.

ನಮ್ಮ ಬೀದಿಗಳಲ್ಲಿ ಅರವತ್ತು ಅಡಿ ಎಲ್ಲಿ ಸಿಗುತ್ತದೆ ಎಂಬ ಪ್ರಶ್ನೆ ನ್ಯಾಯವಾದದ್ದೇ. ಬಿಬಿಎಂಪಿಯ 2023ರ ಗಣತಿಯಲ್ಲಿ ನಗರದ ಬೀದಿನಾಯಿಗಳು 2.79 ಲಕ್ಷ. ಪ್ರತಿ ತಿರುವಿನಲ್ಲೂ ಒಂದು ಗುಂಪು. ಅದಕ್ಕೇ ಹೊತ್ತು ಬದಲಿಸಿ: ಬೆಳಗಿನ ಐದೂವರೆ, ರಾತ್ರಿ ಹತ್ತರ ಮೇಲೆ. ದಾರಿ ಆರಿಸಿಕೊಳ್ಳಿ, ಕಾರು ನಿಂತ ಸಾಲಿರುವ ಲೇಔಟ್ ರಸ್ತೆ ಒಳ್ಳೆಯದು, ಎದುರಿಗೆ ನಾಯಿ ಬಂದರೆ ಕಾರಿನ ಹಿಂದೆ ಮರೆಯಾಗಬಹುದು. ಬೆಲ್ಟ್ ಐದಾರು ಅಡಿಯದ್ದಿರಲಿ, ಎಳೆದಷ್ಟೂ ಬಿಚ್ಚಿಕೊಳ್ಳುವ ರೀಲಿನದು ಬೇಡ. ಕತ್ತಿನ ಪಟ್ಟಿಗಿಂತ ಎದೆಗೆ ಹಾಕುವ ಹಾರ್ನೆಸ್ ಮೇಲು. ಬೇರೆ ನಾಯಿ ಕಂಡಾಗೆಲ್ಲ ಕತ್ತು ಉಸಿರುಗಟ್ಟಿದರೆ 'ನಾಯಿ ಕಂಡರೆ ನೋವು' ಎಂದೇ ನಿಮ್ಮದು ಕಲಿಯುತ್ತದೆ. ಬೀದಿನಾಯಿ ಹಿಂಬಾಲಿಸಿದರೆ ಓಡಬೇಡಿ. ಒಂದು ಹಿಡಿ ಬಿಸ್ಕತ್ತಿನ ಚೂರನ್ನು ಅದರ ಹಿಂದಕ್ಕೆ ಹೋಗುವಂತೆ ಎಸೆದು ನೀವು ಬೇರೆ ದಿಕ್ಕಿಗೆ ನಡೆಯಿರಿ.

ಮನೆಗೆ ಜನ ಬಂದಾಗ ರಗಳೆ ಮಾಡುವ ನಾಯಿಗೆ ಬಾಗಿಲಲ್ಲೇ ಪಾಠ ಹೇಳಹೊರಡಬೇಡಿ. ಕರೆಗಂಟೆ ಬಡಿದಾಗ ಒಳಕೋಣೆಗೆ ಹೋದರೆ ಅಲ್ಲಿ ಮೂಳೆಯೋ ತಿಂಡಿ ತುಂಬಿದ ಆಟಿಕೆಯೋ ಸಿಗುತ್ತದೆ ಎಂಬ ಅಭ್ಯಾಸವನ್ನು, ಯಾರೂ ಬರದ ಹೊತ್ತಿನಲ್ಲಿ ಮನೆಯವರೇ ಗಂಟೆ ಒತ್ತಿ ಮಾಡಿಸಿ. ಮನೆಗೆಲಸದವರನ್ನು ಮರೆಯಲೇಬೇಡಿ. ಕಸ ಗುಡಿಸಲು ಬಾಗಿ ಪೊರಕೆ ಬೀಸುತ್ತ ನಾಯಿಯ ಹತ್ತಿರ ಬರುವವರು ಅವರು. ಹೆದರಿಕೆಯಾದರೂ ಕೆಲಸ ಹೋದೀತೆಂದು ಬಾಯಿ ಬಿಡದವರೂ ಅವರೇ. ಅವರು ಇರುವಷ್ಟು ಹೊತ್ತು ನಾಯಿ ಬೇರೆ ಕೋಣೆಯಲ್ಲಿರಲಿ.

ತಟ್ಟೆ ಮುಟ್ಟಿದರೆ ಗುರ್ ಅನ್ನುವ ನಾಯಿಯ ವಿಷಯ. "ಊಟದ ಮಧ್ಯೆ ತಟ್ಟೆ ಕಿತ್ಕೊಂಡು ಅಭ್ಯಾಸ ಮಾಡ್ಸಿ" ಎಂಬ ಸಲಹೆ ತಲೆಕೆಳಗು. ನೀವು ಬಂದಾಗಲೆಲ್ಲ ಅನ್ನ ಹೋದರೆ ಅದು ನಿಮ್ಮನ್ನು ಕಳ್ಳರೆಂದೇ ತಿಳಿಯುತ್ತದೆ. ಬದಲಿಗೆ, ಅದು ಅನ್ನ–ಮೊಸರು ತಿನ್ನುತ್ತಿರುವಾಗ ಎಂಟು ಅಡಿ ದೂರದಲ್ಲಿ ಹಾದು ಹೋಗುತ್ತ ಒಂದು ಮೊಟ್ಟೆ ಚೂರನ್ನು ತಟ್ಟೆಯ ಕಡೆ ಎಸೆದು, ನಿಲ್ಲದೆ ಹೋಗಿಬಿಡಿ. ನೀವು ಬರುವುದು ಕಂಡು ಅದು ತಲೆಯೆತ್ತಿ ಬಾಲ ಆಡಿಸಿದ ಮೇಲೆ ಒಂದಡಿ ಹತ್ತಿರ. ಚಪ್ಪಲಿ ಕಚ್ಚಿಕೊಂಡು ಸೋಫಾ ಕೆಳಗೆ ಸೇರಿದರೆ ಕೈ ಹಾಕಬೇಡಿ. ಅದಕ್ಕಿಂತ ರುಚಿಯಾದದ್ದನ್ನು ದೂರಕ್ಕೆ ಚೆಲ್ಲಿ, ಅದು ಹೊರಬಂದ ಮೇಲೆ ಚಪ್ಪಲಿ ತೆಗೆಯಿರಿ. ಸಣ್ಣ ಮಕ್ಕಳಿರುವ ಮನೆಯಲ್ಲಿ ಇಂಥ ನಾಯಿಗೆ ಊಟ ಬಾಗಿಲು ಹಾಕಿದ ಕೋಣೆಯಲ್ಲೇ. ಮಗು ನಾಯಿಯನ್ನು ತಬ್ಬಿಕೊಂಡ ಫೋಟೊ ಮುದ್ದಾಗಿ ಕಾಣುತ್ತದೆ, ಆದರೆ ಒಮ್ಮೆ ನಾಯಿಯ ಕಣ್ಣು ನೋಡಿ. ಲಿಫ್ಟಿನಲ್ಲಿ ಕಂಡ ಅದೇ ಬಿಳಿ ಅಂಚು ಅಲ್ಲೂ ಕಾಣುತ್ತದೆ. ದೊಡ್ಡವರೊಬ್ಬರ ಕಣ್ಣಳತೆಯಿಲ್ಲದೆ ಮಗು ಮತ್ತು ನಾಯಿಯನ್ನು, ಎಷ್ಟೇ ಒಳ್ಳೆಯ ನಾಯಿಯಾಗಲಿ, ಒಂದೇ ಕಡೆ ಬಿಡಬೇಡಿ.

ಒಮ್ಮೆ ಬಾಯಿ ಹಾಕಿದ ನಾಯಿಗೆ ಬಾಯಿಕುಕ್ಕೆ ಕಲಿಸಿ. ಅಂಗಡಿಯಲ್ಲಿ ಮಝಲ್ ಎಂದು ಕೇಳಿದರೆ ಬಟ್ಟೆಯದನ್ನು ಕೊಡುತ್ತಾರೆ, ಅದು ಬೇಡ. ನಾಯಿ ಬೆವರುವ ಬದಲು ಬಾಯಿ ತೆರೆದು ಏದುಸಿರು ಬಿಟ್ಟು ಮೈ ತಂಪು ಮಾಡಿಕೊಳ್ಳುತ್ತದೆ, ಬಟ್ಟೆಯದು ಬಾಯಿಯನ್ನೇ ಕಟ್ಟಿಬಿಡುತ್ತದೆ. ಒಳಗೆ ಬಾಯಿ ತೆರೆದು ನೀರು ಕುಡಿಯಲು ಆಗುವ ಬುಟ್ಟಿಯಂಥದ್ದನ್ನು ತನ್ನಿ. ಮೊದಲ ದಿನಗಳಲ್ಲಿ ಅದರ ಒಳಗೆ ಮೊಸರು ಸವರಿ ಕೈಯಲ್ಲಿ ಹಿಡಿದಿರಿ, ನಾಯಿಯೇ ಮೂತಿ ತೂರಿಸಿ ನೆಕ್ಕಲಿ. ಪಟ್ಟಿ ಕಟ್ಟುವುದು ಆಮೇಲೆ, ಅದೂ ಕ್ಷಣ ಹೊತ್ತು. ಕುಕ್ಕೆ ಹಾಕಿಕೊಂಡು ಬರುವ ನಾಯಿಯನ್ನು ಕಂಡು ಕೆಲವರು 'ಕಚ್ಚುವ ನಾಯಿ' ಎಂದು ಮೂಗು ಮುರಿಯಬಹುದು. ನನಗಂತೂ ಅಂಥ ಮಾಲೀಕರ ಮೇಲೆ ಗೌರವ ಹುಟ್ಟುತ್ತದೆ.

ಗಣೇಶನ ತಮಟೆ, ದೀಪಾವಳಿ ಪಟಾಕಿಯ ದಿನಗಳಲ್ಲಿ ಯಾವ ಪಾಠವೂ ಬೇಡ. ಒಂದರ ಮೇಲೊಂದು ಹೆದರಿಕೆ ಪೇರಿಸಿಕೊಂಡ ನಾಯಿ ಎಂದಿಗಿಂತ ಬೇಗ ಸಿಡಿಯುತ್ತದೆ, ಸದ್ದು ನಿಂತ ಮೇಲೂ ಒಂದೆರಡು ದಿನ ಹಾಗೇ ಇರುತ್ತದೆ. ತೀರಾ ನಡುಗುವ ನಾಯಿಗೆ ಔಷಧಿ ಇದೆ. ಹಬ್ಬಕ್ಕೆ ಕೆಲ ವಾರ ಮೊದಲೇ ಡಾಕ್ಟರನ್ನು ಕೇಳಿ, ಮನೆಯಲ್ಲಿರುವ ನಿದ್ದೆಗುಳಿಗೆ ಕೊಡಬೇಡಿ.

ಕಚ್ಚಿಯೇ ಬಿಟ್ಟರೆ

ಮೊದಲು ನಾಯಿಯನ್ನು ಬೈಯುತ್ತ ನಿಲ್ಲಬೇಡಿ. ಅದನ್ನು ಕೋಣೆಗೆ ಹಾಕಿ ಬಾಗಿಲು ಎಳೆಯಿರಿ. ಗಾಯವನ್ನು ನಲ್ಲಿಯ ಕೆಳಗೆ ಹಿಡಿದು ಸೋಪು ಹಚ್ಚಿ ಪೂರ್ತಿ 15 ನಿಮಿಷ ತೊಳೆಯಿರಿ. ಗಡಿಯಾರ ನೋಡಿಕೊಂಡು. ಸುಣ್ಣ, ಅರಿಶಿನ, ಕಾಫಿಪುಡಿ, ಖಾರದಪುಡಿ ಯಾವುದೂ ಬೇಡ. ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರ, ಜಯನಗರದ ಜನರಲ್ ಆಸ್ಪತ್ರೆ, ವಿ.ವಿ. ಪುರದ ಕಿಮ್ಸ್, ಎಲ್ಲಿ ಬೇಗ ಆಗುತ್ತದೋ ಅಲ್ಲಿಗೆ ಅಂದೇ ಹೋಗಿ. ಲಸಿಕೆ ಚರ್ಮದೊಳಗೆ ಕೊಟ್ಟರೆ 0, 3, 7, 28ನೇ ದಿನ. ಮಾಂಸಖಂಡಕ್ಕೆ ಕೊಟ್ಟರೆ 14ನೇ ದಿನವೂ ಸೇರುತ್ತದೆ. ಚರ್ಮ ಸೀಳಿ ರಕ್ತ ಬಂದಿದ್ದರೆ ಗಾಯಕ್ಕೇ ಇಮ್ಯುನೊಗ್ಲಾಬ್ಯುಲಿನ್ ಚುಚ್ಚಬೇಕು, ಕೊಡದಿದ್ದರೆ ಕೇಳಿ. "ನಮ್ಮ ನಾಯಿಗೆ ವ್ಯಾಕ್ಸಿನ್ ಆಗಿದೆ, ನಿಮಗೆ ಬೇಡ" ಎಂದು ಮಾಲೀಕರು ತೀರ್ಪು ಕೊಡುವಂತಿಲ್ಲ. ಲಸಿಕೆ ಪುಸ್ತಕವನ್ನು ಕಚ್ಚಿಸಿಕೊಂಡವರ ಕೈಗಿಡಿ, ನಿರ್ಧಾರ ವೈದ್ಯರದು. ನಾಯಿಯನ್ನು ಹತ್ತು ದಿನ ಕಣ್ಣಳತೆಯಲ್ಲಿಡಿ. ದಿಢೀರನೆ ಬದಲಾದ ವರ್ತನೆಯ ಜೊತೆ ಜೊಲ್ಲು, ನುಂಗಲಾಗದಿರುವುದು, ಒಡೆದ ದನಿ, ತೂರಾಟ ಕಂಡರೆ ಗಂಟಲಲ್ಲಿ ಮೂಳೆ ಸಿಕ್ಕಿದೆಯೆಂದು ಬಾಯಿಗೆ ಕೈ ಹಾಕಬೇಡಿ. ಅದು ರೇಬಿಸ್ ಇರಬಹುದು. ಕೋಣೆಯಲ್ಲಿ ಕೂಡಿ ಪಶುವೈದ್ಯರಿಗೆ ಫೋನ್ ಮಾಡಿ.

ಸಾಕಿದ ಪ್ರಾಣಿಯಿಂದ ಜೀವಕ್ಕೆ ಅಪಾಯವಾಗದಂತೆ, ಭಾರಿ ಗಾಯವಾಗದಂತೆ ಎಚ್ಚರ ವಹಿಸದಿದ್ದರೆ ಭಾರತೀಯ ನ್ಯಾಯ ಸಂಹಿತೆಯ 291ನೇ ಸೆಕ್ಷನ್ನಿನಡಿ ಆರು ತಿಂಗಳವರೆಗೆ ಜೈಲು ಅಥವಾ ₹5,000ವರೆಗೆ ದಂಡ ಅಥವಾ ಎರಡೂ ಆಗಬಹುದು. ಅಪಾರ್ಟ್‌ಮೆಂಟ್ ಸಂಘ ಸಾಕುನಾಯಿಯನ್ನೇ ನಿಷೇಧಿಸುವಂತಿಲ್ಲ ಎಂದು ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿಯ 2015ರ ಮಾರ್ಗಸೂಚಿ ಹೇಳುತ್ತದೆ ನಿಜ. ಆ ಕಾಗದವನ್ನು ಕಚ್ಚಿಸಿಕೊಂಡವರ ಮುಖಕ್ಕೆ ಹಿಡಿಯುವುದಕ್ಕಿಂತ ಅವರನ್ನು ಆಸ್ಪತ್ರೆಗೆ ಕರೆದೊಯ್ದು, ಖರ್ಚು ಕೊಟ್ಟು, ನಾಳೆಯಿಂದ ಏನು ಬದಲಿಸುತ್ತೀರಿ ಎಂದು ಹೇಳುವುದು ದೊಡ್ಡತನ.

ಕಚ್ಚಿದ್ದೆಲ್ಲ ಒಂದೇ ತೂಕವಲ್ಲ. ಪಶುವೈದ್ಯ ಇಯಾನ್ ಡನ್ಬರ್ ಕಡಿತವನ್ನು ಆರು ಹಂತಗಳಲ್ಲಿ ಅಳೆದಿದ್ದಾರೆ. ಹಲ್ಲು ತಾಗದ, ತಾಗಿದರೂ ಚರ್ಮ ಒಡೆಯದ ಮೊದಲೆರಡು ಹಂತದ ನಾಯಿಗಳು ಸಾಮಾನ್ಯವಾಗಿ ಸುಧಾರಿಸುತ್ತವೆ. ಆಳಕ್ಕೆ ಕಚ್ಚಿ, ಹಿಡಿದು ಜಾಡಿಸಿದ ನಾಲ್ಕನೇ ಹಂತ ಮುಟ್ಟಿದ ಮೇಲೆ ದಾರಿ ಬಹಳ ಕಠಿಣ. ಚಿಕ್ಕ ಮಕ್ಕಳಿರುವ, ಬಾಗಿಲು ಸದಾ ತೆರೆಯುವ ಮನೆಯಲ್ಲಿ ಅಂಥ ನಾಯಿಯನ್ನು ಇಟ್ಟುಕೊಳ್ಳಲಾಗದು ಎಂದು ಕೆಲವೊಮ್ಮೆ ಒಪ್ಪಬೇಕಾಗುತ್ತದೆ. ಡಾಕ್ಟರ ಜೊತೆ ಕೂತು, ದಯಾಮರಣದ ಮಾತೂ ಸೇರಿ, ಎಲ್ಲವನ್ನೂ ಮುಕ್ತವಾಗಿ ಮಾತಾಡಿ. ನಾಚಿಕೆ ಬೇಡ. ಆದರೆ ರಾತ್ರಿ ಕಾರಿನಲ್ಲಿ ಒಯ್ದು ಕೆರೆ ದಂಡೆಯಲ್ಲೋ ನೈಸ್ ರಸ್ತೆಯ ಬದಿಯಲ್ಲೋ ಇಳಿಸಿ ಬರಬೇಡಿ. ಅದು ಕಾಯ್ದೆ ಪ್ರಕಾರ ಅಪರಾಧ. ಹೆದರಿದ, ಹಸಿದ ಆ ನಾಯಿ ಮಾರನೆಯ ಬೆಳಿಗ್ಗೆ ಎದುರಾಗುವುದು ವಾಕಿಂಗ್ ಬಂದ ಯಾರದೋ ಮಗುವಿಗೆ. ಬೇರೆ ಮನೆ ಹುಡುಕುವುದಾದರೆ 1991ರಿಂದ ಬೆಂಗಳೂರಿನಲ್ಲಿ ಕೆಲಸ ಮಾಡುತ್ತಿರುವ ಕ್ಯುಪಾದಂಥ ಪ್ರಾಣಿದಯಾ ಸಂಸ್ಥೆಗಳನ್ನು ಕೇಳಿ. ತಗೊಳ್ಳುವವರಿಗೆ ನಾಯಿ ಯಾರನ್ನು, ಎಂದು, ಯಾವ ಸಂದರ್ಭದಲ್ಲಿ, ಎಷ್ಟು ಆಳಕ್ಕೆ ಕಚ್ಚಿತು ಎಂಬುದನ್ನು ಒಂದನ್ನೂ ಮುಚ್ಚಿಡದೆ ಬರೆದು ಕೊಡಿ. ಅದು ಯಾವುದಕ್ಕೆ ಹೆದರುತ್ತದೆ, ಗುರ್ ಅನ್ನುವ ಮುಂಚೆ ಏನೇನು ಮಾಡುತ್ತದೆ, ಯಾವ ತಿಂಡಿಗೆ ಕರಗುತ್ತದೆ ಎಂಬುದನ್ನೂ ಅದೇ ಹಾಳೆಯಲ್ಲಿ ಬರೆಯಿರಿ.